ಎರಡು ಬೆರಳು ಹವಾ

ಪೊಡಿಯಬ್ಬನಿಗೆ ನೀರಿನ ಬುದ್ಧಿ ಗೊತ್ತಿತ್ತು. ಮಳೆನೀರು ಯಾವ ಸಂದಿಯಲ್ಲಿ ನುಸುಳುತ್ತದೆ, ಎಲ್ಲಿ ಜಾರಿ ಹೋಗುವಂತೆ ನಟಿಸಿ ಹೊಲಿಗೆಯ ತೂತಿನೊಳಗೆ ಇಳಿಯುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಹದಿನಾರು ವರ್ಷ ಮಂಗಳೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಕೂತು, ಕಿಟಕಿಗೆ ಗಾಜಿಲ್ಲದ ಆಗಿನ ಬಸ್ಸುಗಳಿಗೆ ಟರ್ಪಾಲಿನ ಪರದೆ ಹೊಲಿದವನು ಅವನು. ಅವನ ಪರದೆ ಇಳಿಸಿದ ಬಸ್ಸಿನಲ್ಲಿ ಆಟಿ ತಿಂಗಳ ಮಳೆಯಲ್ಲೂ ಕಿಟಕಿ ಪಕ್ಕದ ಸೀಟಿಗೆ ಜನ ಜಗಳವಾಡುತ್ತಿದ್ದರು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಮಾತಿಗೆ ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು, ಆದರೆ ಕೆಲಸದಲ್ಲಿ ಮೋಸವಿರಲಿಲ್ಲ.

ಚಳಿಯ ಬುದ್ಧಿ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನು ಹುಟ್ಟಿ ಬೆಳೆದ ಫರಂಗಿಪೇಟೆಯಲ್ಲಿ ಡಿಸೆಂಬರಿನ ಬೆಳಗ್ಗೆ ಒಂದು ಹೊದಿಕೆ ಜಾಸ್ತಿ ಎಳೆದುಕೊಂಡರೆ ಅದೇ ಚಳಿ. ಜ್ವರ ಬಂದರೆ ಮೈ ನಡುಗುವುದು ಇನ್ನೊಂದು ಚಳಿ. ಮೂರನೆಯದೊಂದು ಇದೆ, ಅದಕ್ಕೆ ನೀರನ್ನು ಕಲ್ಲು ಮಾಡುವ ಶಕ್ತಿ ಇದೆ ಎಂದು ಯಾರಾದರೂ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ.

ಎಂಬತ್ತನೆಯ ಇಸವಿಯಲ್ಲಿ ಅವನು ಸೌದಿಯ ಹಫ್ರ್ ಅಲ್ ಬಾತಿನ್ ಊರಿಗೆ ಬಂದ. ಹೊರಡುವಾಗ ಹೆಂಡತಿ ಸಫಿಯಮ್ಮನಿಗೆ ಐದು ತಿಂಗಳು. ಮಗಳು ಆಮಿನತ್ ಹುಟ್ಟಿದ ಸುದ್ದಿ ಇಪ್ಪತ್ತೆರಡು ದಿನ ತಡವಾಗಿ ಕಾಗದದಲ್ಲಿ ಬಂತು. 'ಹುಟ್ಟಿದ ಕೂಡಲೇ ಆಚೆ ಮನೆಯವರು ಓಡಿ ಬರುವ ಹಾಗೆ ಅತ್ತಳು' ಎಂದು ಅದರಲ್ಲಿ ಸಫಿಯಮ್ಮ ಬರೆಸಿದ್ದಳು. ಆ ಸಾಲನ್ನು ಅವನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಮೂರು ವರ್ಷ ಕಳೆದು ರಜೆಯಲ್ಲಿ ಹೋದಾಗ ಮಗಳು ಬಾಗಿಲ ಹಿಂದೆ ನಿಂತು, 'ಇವರು ಯಾರು?' ಎಂದು ಕೇಳುವಷ್ಟು ಮಾತು ಕಲಿತಾಗಿತ್ತು. ಈಗ ಅವಳ ಹಾಡು, ಅವಳ ಜಗಳ, ಅವಳ ಬೈಗುಳ ಎಲ್ಲವೂ ಕ್ಯಾಸೆಟ್ಟಿನಲ್ಲಿ ತುಂಬಿ ಬರುತ್ತಿದ್ದವು. ಆ ಮೊದಲ ಅಳು ಮಾತ್ರ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಅವನಿಗೆ ಅದೊಂದು ಕೊರಗು. ಗಂಡಸರು ಇಂಥದ್ದನ್ನೆಲ್ಲ ಹೇಳಿಕೊಳ್ಳುವುದಿಲ್ಲ, ಅವನೂ ಹೇಳಿಕೊಳ್ಳಲಿಲ್ಲ.

ಅವನನ್ನು ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಂದರೆ ಕಫೀಲನಿಗೆ, ಊರಿನ ವರ್ಕ್‌ಶಾಪ್ ಬೀದಿಯಲ್ಲಿ ಒಂದು ಕುಶನ್ ಅಂಗಡಿ ಇತ್ತು. ಪಿಕಪ್ಪಿನ ಸೀಟು, ಲಾರಿಯ ಟರ್ಪಾಲು, ಮರುಭೂಮಿಯಲ್ಲಿ ಕುರಿ ಮೇಯಿಸುವ ಬದೂವಿಗಳ ಹರಿದ ಡೇರೆ, ಎಲ್ಲದಕ್ಕೂ ಪೊಡಿಯಬ್ಬನೇ. ಅವನ ಕೈಯಲ್ಲಿ ಒಂದು ಹಟವಿತ್ತು. ಹಲಗೆಗೆ ರೆಕ್ಸಿನ್ ಅಂಟಿಸಿದರೆ ಕೆಳಗೆ ಒಂದು ಗುಳ್ಳೆ ಇರಬಾರದು. ಗುಳ್ಳೆ ಎಂದರೆ ಒಳಗೆ ಗಾಳಿ ಸಿಕ್ಕಿಬಿದ್ದಿದೆ ಎಂದರ್ಥ. ಗಾಳಿ ಸಿಕ್ಕಿಬಿದ್ದ ಕೆಲಸ ಕಲಿಯದವನ ಕೆಲಸ. ಅಂಟು ಸವರಿ, ಬಟ್ಟೆ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗುವಾಗ ಅವನ ಮುಖದಲ್ಲಿ ನಮಾಜಿನ ಹೊತ್ತಿನ ಏಕಾಗ್ರತೆ ಕಾಣುತ್ತಿತ್ತು.

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಒಂದು ದಿನ ಅಂಗಡಿಯ ಮುಂದೆ ಬಿಳಿಯ ಉದ್ದನೆಯ ಗಾಡಿಯೊಂದು ಬಂದು ನಿಂತಿತು. ಒಳಗೇ ಮಂಚ, ಒಲೆ, ನೀರಿನ ಟಾಂಕಿ ಎಲ್ಲ ಇರುವ, ಯುರೋಪಿನವರು ರಜೆಗೆ ಓಡಿಸುವ ಮನೆಗಾಡಿ. ಊರಿನ ಆಸ್ಪತ್ರೆಯೊಂದು ಅದನ್ನು ಹಳೆಯದಾಗಿ ಕೊಂಡು, ಮರುಭೂಮಿಯ ಡೇರೆಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವ ಕ್ಲಿನಿಕ್ಕು ಮಾಡಿತ್ತು. ಓಡಿಸುವವನು ಉಡುಪಿ ಕಡೆಯ ಲಾಜರಸ್. ಸೂಜಿ ಹಾಕುವ ನರ್ಸ್ ಅವನ ಹೆಂಡತಿ ಗೆರ್ಟ್ರೂಡ್. ಊರಿನವರು ಸಿಕ್ಕಿದರೆ ಸೌದಿಯಲ್ಲಿ ಮಾತಿಗೆ ಬೇರೆ ಬಾಗಿಲು ಬೇಕಾಗುವುದಿಲ್ಲ. ಕರಾವಳಿಯ ರೂಢಿಯಂತೆ ಅವರಿಗೆ ಇವನು ಬ್ಯಾರಿ; ಇವನಿಗೆ ಕ್ರಿಸ್ತುವ ಲಾಜರಸ್ ಪೊರ್ಬು, ಅವನ ಹೆಂಡತಿ ಬಾಯಮ್ಮ.

"ಬ್ಯಾರಿಗಳೇ, ಈ ಗಾಡಿಗೆ ಎಂತಾದ್ರೂ ಮಾಡ್ಬೇಕು ಮಾರಾಯ್ರೆ," ಎಂದ ಲಾಜರಸ್. "ಒಳಗೆ ಹೀಟರ್ ಉಂಟು, ಉರೀತದೆ. ಆದ್ರೆ ಬಿಸಿ ಎಲ್ಲ ಈ ಆರು ಕಿಟಕಿಯಲ್ಲಿ ಓಡಿ ಹೋಗ್ತದೆ."

"ಪೊರ್ಬುಗಳೇ, ಕಿಟಕಿ ನನ್ನ ತಲೆಗೆ ಬಿಡಿ," ಎಂದ ಪೊಡಿಯಬ್ಬ.

ಗೆರ್ಟ್ರೂಡ್ ತಮಾಷೆಯ ಹೆಂಗಸಲ್ಲ. ಕಿಟಕಿಯ ಗಾಜಿಗೆ ಬೆರಳಿಂದ ಬಡಿದು ತೋರಿಸಿದಳು. "ಇದು ಬರೇ ಆರಾಮದ ಪ್ರಶ್ನೆ ಅಲ್ಲ. ತಾಯಂದಿರು ಮಕ್ಕಳ ಬಟ್ಟೆ ಬಿಚ್ಲಿಕ್ಕೆ ಒಪ್ಪುದಿಲ್ಲ. ಬಟ್ಟೆ ಬಿಚ್ಚದೆ ಮಗುವಿನ ತೂಕ ಹೇಗೆ ನೋಡುದು, ಎದೆಗೆ ಹೇಗೆ ಕಿವಿ ಕೊಡುದು? ಹೀಗೇ ಆದ್ರೆ ಫೆಬ್ರವರಿವರೆಗೆ ಗಾಡಿ ನಿಲ್ಲಿಸಿ ಅಂತ ಡಾಕ್ಟ್ರು ಹೇಳಿದ್ದಾರೆ. ಆ ಎರಡು ತಿಂಗಳಲ್ಲಿ ಅಲ್ಲಿ ಎಷ್ಟು ಮಕ್ಕಳಿಗೆ ಎಂತ ಆಗ್ತದೋ."

ಅದೇ ಹೊತ್ತಿಗೆ ಅಂಗಡಿಯ ಮೂಲೆಯಲ್ಲಿ ತನ್ನ ಡೇರೆಯ ಬಟ್ಟೆ ಹೊಲಿಸಲು ಬಂದ ಮುದುಕನೊಬ್ಬ ಚಹಾ ಕುಡಿಯುತ್ತಿದ್ದ. ಅಬೂ ಮುತ್ಲಕ್ ಎಂದು ಹೆಸರು; ರಫ್ಹಾ ದಾರಿಯಲ್ಲಿ ಎಲ್ಲೋ ಒಳಗೆ ಅವನ ಕುರಿಗಳು, ಅವನ ಡೇರೆಗಳು. ಆ ದಾರಿಯಲ್ಲೇ ಗಾಡಿ ಹೋಗುತ್ತದೆಂದು ತಿಳಿದು ಅವನು ಎದ್ದು ಬಂದ. ಪೊಡಿಯಬ್ಬ ಗಾಜಿಗೆ ದಪ್ಪನೆಯ ಕಂಬಳಿಬಟ್ಟೆ ಹಿಡಿದು ಅಳತೆ ನೋಡುವುದನ್ನು ಕಂಡು, ಎರಡು ಬೆರಳು ಜೋಡಿಸಿ ಎತ್ತಿ ಹೇಳಿದ: "ಖಲ್ಲಿ ಹವಾ. ಖಲ್ಲಿ ಹವಾ."

ಪೊಡಿಯಬ್ಬನ ಮುಖ ಅರಳಿತು. ಅರಬ್ಬಿ ಅವನಿಗೆ ಅಂಗಡಿಗೆ ಬೇಕಾದಷ್ಟು ಮಾತ್ರ ಬರುತ್ತಿತ್ತು. ಆದರೆ ಈ ಎರಡು ಶಬ್ದಕ್ಕೆ ಅರಬ್ಬಿ ಯಾಕೆ ಬೇಕು? ಖಾಲಿ ಹವಾ! ಟಯರಿನ ಹವಾ ಖಾಲಿ ಎಂದು ನಾವು ದಿನಾ ಹೇಳುವುದಿಲ್ಲವೇ? ಗಾಳಿ ಖಾಲಿ ಮಾಡು, ಒಂಚೂರೂ ಉಳಿಸಬೇಡ, ಗುಳ್ಳೆ ಬಿಡಬೇಡ ಎನ್ನುತ್ತಿದ್ದಾನೆ ಮುದುಕ. ಕಸುಬು ತಿಳಿದವನು.

"ನೋಡಿ ಪೊರ್ಬುಗಳೇ, ಇವರಿಗೂ ಗೊತ್ತುಂಟು," ಎಂದು ಲಾಜರಸನ ಕಡೆ ತಿರುಗಿ ಹೇಳಿದ.

ಎರಡು ದಿನ ಕೂತು ಕೆಲಸ ಮಾಡಿದ. ಆರು ಕಿಟಕಿಗೂ ಗಾಜಿನ ಮೇಲೇ ಅಂಟು ಸವರಿ, ಕಂಬಳಿಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಒತ್ತಿ ಒತ್ತಿ ಕೂರಿಸಿದ. ಮೇಲೆ ರೆಕ್ಸಿನ್. ಗುಳ್ಳೆ ಹುಡುಕಿದರೂ ಸಿಗದು. ಡೇರೆಬಟ್ಟೆ ಒಯ್ಯಲು ಬಂದ ಅಬೂ ಮುತ್ಲಕನಿಗೆ ಹೆಮ್ಮೆಯಿಂದ ತೋರಿಸಿ, "ಹವಾ ಮಾಫಿ!" ಎಂದ. ಗಾಳಿ ಇಲ್ಲವೇ ಇಲ್ಲ ಎಂದು ಅವನ ಅರ್ಥ. ಅರಬ್ಬಿಯಲ್ಲಿ ಬೀಸುವ ಗಾಳಿಗೂ ಹವಾ ಎಂದೇ ಹೇಳುತ್ತಾರೆ. ಹೊರಗಿನ ಗಾಳಿ ಒಳಗೆ ಬರುವುದಿಲ್ಲ ಎನ್ನುತ್ತಿದ್ದಾನೆ ಎಂದುಕೊಂಡು ಮುದುಕ ತಲೆಯಾಡಿಸಿ, "ಜೈನ್, ಜೈನ್," ಒಳ್ಳೆಯದು ಎಂದ. ಒಬ್ಬರಿಗೊಬ್ಬರು ಒಂದಕ್ಷರ ಅರ್ಥವಾಗದೆ ಇಬ್ಬರೂ ಬಹಳ ಸಂತೋಷದಿಂದ ಕೈಕುಲುಕಿದರು.

ಒಂದೇ ವಾರ. ಗಾಡಿ ವಾಪಸು ಬಂತು. ಗೆರ್ಟ್ರೂಡ್ ಬಾಗಿಲು ತೆರೆದು ಒಳಗೆ ಕೈ ತೋರಿಸಿದಳು. ಕಂಬಳಿಬಟ್ಟೆ ನೀರು ಕುಡಿದು ಜೋತುಬಿದ್ದಿತ್ತು. ರೆಕ್ಸಿನಿನ ಕೆಳಗಿನಿಂದ ಹನಿ ಇಳಿದು ಹಾಸಿಗೆ ಒದ್ದೆ, ರಿಜಿಸ್ಟರ್ ಪುಸ್ತಕ ಒದ್ದೆ.

"ಮಳೆ ಬಂತಾ ಬಾಯಮ್ಮ?" ಎಂದು ಕೇಳಿದ ಪೊಡಿಯಬ್ಬ.

"ಎಲ್ಲಿಯ ಮಳೆ? ಒಂದು ಹನಿ ಇಲ್ಲ."

ಪೊಡಿಯಬ್ಬನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹದಿನಾರು ವರ್ಷ ನೀರಿನೊಡನೆ ಸೆಣಸಿ ಗೆದ್ದವನ ಪರದೆಯೊಳಗೆ, ಮಳೆಯೇ ಇಲ್ಲದ ದೇಶದಲ್ಲಿ ನೀರು ಬಂದಿದೆ! ಎಲ್ಲಿಂದ ಬಂತು? ಗಾಜಿನಲ್ಲಿ ಬಿರುಕಿಲ್ಲ. ಹೊಲಿಗೆಯಲ್ಲಿ ಸೋರುವ ಜಾಗವಿಲ್ಲ. ಅವನು ಕಫೀಲನ ಹತ್ತಿರ ಹೋಗಿ ಐದು ದಿನ ರಜೆ ಕೇಳಿದ. ಎಲ್ಲಿಗೆ ಎಂದು ಕಫೀಲ ಕೇಳಿದಾಗ, "ಚಳಿ ನೋಡ್ಲಿಕ್ಕೆ," ಎಂದು ಹಿಂದಿಯಲ್ಲೋ ಅರಬ್ಬಿಯಲ್ಲೋ ಒಂದು ಕಲಸುಭಾಷೆಯಲ್ಲಿ ಹೇಳಿದ. ಕಫೀಲ ನಕ್ಕು ಒಪ್ಪಿದ.

ಹೊಸ ಬಟ್ಟೆಯ ಸುರುಳಿ, ಪ್ಲಾಸ್ಟಿಕ್ ಹಾಳೆ, ಮರದ ಪಟ್ಟಿ, ಟಿಚ್‌ಬಟನ್ನಿನ ಡಬ್ಬಿ, ಕೈಮಿಷನ್ನು ಎಲ್ಲ ತುಂಬಿಕೊಂಡು ಅವನೂ ಗಾಡಿ ಹತ್ತಿದ. ದಾರಿಯಲ್ಲಿ, ಬೇಕೆಂದೇ ಅಣಕಿಸುವ ಹಾಗೆ, ಮಳೆ ಸುರಿಯಿತು. ಮರುಭೂಮಿಯ ಮಳೆ ನಮ್ಮೂರಿನ ಮಳೆಯಲ್ಲ. ಅರ್ಧ ಗಂಟೆ ಬಂದರೂ ಹಳ್ಳಗಳೆಲ್ಲ ತುಂಬಿ ಹರಿದು ದಾರಿ ಕೆಸರಾಗುತ್ತದೆ. ಅಬೂ ಮುತ್ಲಕನ ಡೇರೆಗಳ ಹತ್ತಿರ ಮುಟ್ಟುವಾಗ ಹಿಂದಿನ ದಾರಿ ಕಡಿದುಹೋಗಿತ್ತು. ಸಂಜೆ ಆಕಾಶ ಒಂದು ಮೋಡವಿಲ್ಲದೆ ತಿಳಿಯಾಯಿತು.

"ಇನ್ನು ನೋಡಿ ಚಳಿ," ಎಂದ ಲಾಜರಸ್. "ಎರಡು ದಿನ ನಾವು ಇಲ್ಲಿಯೇ. ಲಾರಿ ಕೂಡ ಹೂತು ಹೋಗ್ತದೆ."

ಪೊಡಿಯಬ್ಬ ಎರಡು ಕಂಬಳಿ ಸುತ್ತಿಕೊಂಡು ಡ್ರೈವರ್ ಸೀಟಿನಲ್ಲೇ ಮಲಗಿದ. ಎದ್ದದ್ದು ಸುಬಹಿಯ, ಬೆಳಗಿನ ಜಾವದ ನಮಾಜಿನ ಹೊತ್ತಿಗೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವುಝೂ ಮಾಡಲು ಹೊರಗಿಟ್ಟ ಬಕೆಟ್ಟಿಗೆ ಚೊಂಬು ಹಾಕಿದ. ಠಣ್ ಎಂದಿತು. ಇನ್ನೊಮ್ಮೆ ಹಾಕಿದ. ಮತ್ತೆ ಠಣ್. ಬಗ್ಗಿ ನೋಡಿದರೆ ಬಕೆಟ್ಟಿನ ನೀರಿನ ಮೇಲೆ ಒಂದು ಗಾಜು.

ಐಸ್ ಅವನು ಕಾಣದವನಲ್ಲ. ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಹಾಕುವ ಐಸನ್ನು ಹುಟ್ಟಿದಂದಿನಿಂದ ಕಂಡಿದ್ದಾನೆ. ಆದರೆ ಅದಕ್ಕೆ ಒಂದು ಫ್ಯಾಕ್ಟರಿ ಇದೆ, ಗಡಗಡ ಎನ್ನುವ ಮಿಷನ್ ಇದೆ, ಕರೆಂಟಿದೆ. ಇಲ್ಲಿ ಯಾರೂ ಏನೂ ಮಾಡಲಿಲ್ಲ. ಒಂದು ಸದ್ದಿಲ್ಲ. ಎಲ್ಲರೂ ಮಲಗಿದ್ದಾಗ ಯಾರೋ ಬಂದು ನೀರನ್ನು ಮುಟ್ಟಿ ಹೋದ ಹಾಗಿತ್ತು. "ಸುಬ್‌ಹಾನಲ್ಲಾಹ್," ಎಂದ. ಅದು ನಾಲಗೆಯ ರೂಢಿಯಿಂದ ಬಂದ ಮಾತಾಗಿರಲಿಲ್ಲ. ಅವನ ಮೈಯ ರೋಮ ಎದ್ದು ನಿಂತಿತ್ತು.

ಒಲೆಯ ಮೇಲಿನ ಕೆಟಲಿನ ನೀರಿನಲ್ಲಿ ವುಝೂ ಮಾಡಿ ನಮಾಜು ಮುಗಿಸಿ, ಗೆರ್ಟ್ರೂಡಳನ್ನು ಕೇಳಿ ಗಾಡಿಯೊಳಗೆ ಬಂದು ಹಿಂದಿನ ಕಿಟಕಿಯ ಹೊದಿಕೆಯ ಅಂಚು ಹಿಡಿದೆಳೆದ. ಒದ್ದೆಯಾಗಿ ಹೆಪ್ಪುಗಟ್ಟಿದ ಕಂಬಳಿಬಟ್ಟೆ ಹಪ್ಪಳದ ಹಾಗೆ ಸದ್ದು ಮಾಡುತ್ತ ಕಿತ್ತು ಬಂತು. ಅದರ ಹಿಂದಿನ ಗಾಜು ಕಂಡದ್ದೇ ಅವನ ಕೈ ಅಲ್ಲೇ ನಿಂತಿತು.

ಗಾಜಿನ ತುಂಬ ಎಲೆಗಳು. ಬಿಳಿಯ ಎಲೆಗಳು, ಎಲೆಯಿಂದ ಎಲೆ, ಗರಿಯಿಂದ ಗರಿ, ಮೂಲೆಯಿಂದ ಹುಟ್ಟಿ ನಡುವಿನವರೆಗೆ ಹಬ್ಬಿದ್ದವು. ಪ್ರತಿ ಗರಿಯ ಅಂಚಿನಲ್ಲಿ ಕೂದಲೆಳೆಗಿಂತ ತೆಳುವಾದ ಇನ್ನಷ್ಟು ಗರಿ. ಸೂರ್ಯ ಆಗಷ್ಟೇ ಹುಟ್ಟುತ್ತಿದ್ದ. ಬೆಳಕು ತಾಗಿ ಅಷ್ಟೂ ಎಲೆಗಳು ಕೆಂಪಾದವು. ಇಪ್ಪತ್ತು ವರ್ಷ ಸೂಜಿ ಹಿಡಿದವನು ಪೊಡಿಯಬ್ಬ. ಮದುಮಗಳ ಬಟ್ಟೆಗೆ ಜರಿ ಹಾಕುವವರನ್ನೂ ಕಂಡವನು. ಇಂಥ ಕಸೂತಿ ಯಾರ ಕೈಯಲ್ಲೂ ಕಂಡಿರಲಿಲ್ಲ. ಸೂಜಿಯಿಲ್ಲ, ದಾರವಿಲ್ಲ, ಹೊಲಿದವನೂ ಕಾಣುವುದಿಲ್ಲ.

"ಬಾಯಮ್ಮ, ಇದು ಎಂತ?" ಎಂದ, ಮಸೀದಿಯೊಳಗೆ ಮಾತಾಡುವ ಹಾಗೆ ದನಿ ತಗ್ಗಿಸಿ.

"ನಮ್ಮ ಉಸಿರು," ಎಂದಳು ಗೆರ್ಟ್ರೂಡ್. "ನಾವು ಬಿಟ್ಟ ಉಸಿರಿನ ನೀರು ರೆಕ್ಸಿನಿನ ಅಂಚಿನಿಂದ ಬಟ್ಟೆಯೊಳಗೆ ನುಸುಳಿ ಗಾಜಿಗೆ ತಾಗ್ತದೆ. ಅಲ್ಲಿ ಹೆಪ್ಪುಗಟ್ತದೆ. ಬಿಸಿಲು ಬಂದ್ರೆ ಕರಗಿ ಹಾಸಿಗೆಗೆ ಇಳೀತದೆ. ನಿಮ್ಮ ನೀರು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ?"

ನೀರು ಹೊರಗಿನಿಂದ ಬಂದದ್ದೇ ಅಲ್ಲ. ಹೊರಗಿನ ಶತ್ರುವಿಗೆ ಬಾಗಿಲು ಹಾಕಿ ಅವನು ಒಳಗಿನದನ್ನು ಮರೆತಿದ್ದ. ಅಂಟಿಸಿದ ಬಟ್ಟೆ ಆ ನೀರು ಕುಡಿದು ತಾನೂ ಗಾಜಿನಷ್ಟೇ ತಣ್ಣಗಾಗಿ ಚಳಿಯ ಪಕ್ಷ ಸೇರಿತ್ತು. ಪೊಡಿಯಬ್ಬನಿಗೆ ನಾಚಿಕೆಯಾಯಿತು. ಆದರೂ ಆ ಎಲೆಗಳ ಮೇಲಿನಿಂದ ಕಣ್ಣು ತೆಗೆಯಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಅಬೂ ಮುತ್ಲಕ್ ಹೊರಗೆ ಬಂದು ನಿಂತು ಕರೆದ. ಅವನ ಮುಖದಲ್ಲಿ ಅಂಗಡಿಯಲ್ಲಿ ಕಂಡ ನಗು ಇರಲಿಲ್ಲ. ಸೊಸೆಗೆ ಮೊನ್ನೆ ಹೆರಿಗೆಯಾಗಿತ್ತು. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು. ಗೆರ್ಟ್ರೂಡ್ ಚೀಲ ಎತ್ತಿಕೊಂಡು ಹೆಂಗಸರ ಡೇರೆಗೆ ಓಡಿದಳು. ಗಂಡಸರು ಮುಂದಿನ ಡೇರೆಯಲ್ಲಿ ಕಾಫಿಗೆ ಕೂತರು. ಅವಳು ಮರಳಿ ಬಂದಾಗ ಮಾತು ಲಾಜರಸನ ಹತ್ತಿರ ಕೊಂಕಣಿಯಲ್ಲಿ ಶುರುವಾಗಿ, ಪೊಡಿಯಬ್ಬನನ್ನು ಕಂಡು ಕನ್ನಡಕ್ಕೆ ತಿರುಗಿತು.

"ಅಂಗೈಯಷ್ಟು ಉಂಟು ಮಗು. ಹುಟ್ಟಿ ಎರಡು ದಿನ, ಒಮ್ಮೆಯೂ ಗಟ್ಟಿಯಾಗಿ ಅಳ್ಲಿಲ್ಲ ಅಂತೆ. ಬೆಕ್ಕಿನ ಮರಿಯ ಹಾಗೆ ಮಿಯಾಂ ಅಂತದೆ, ಅಷ್ಟೇ. ಡೇರೆಯಲ್ಲಿ ಬಿಸಿ ಉಂಟು, ಆದ್ರೆ ಹೊಗೆ. ಆ ಹೊಗೆಯಲ್ಲಿ ಆ ಎದೆ ಎಷ್ಟು ದಿನ ತಡೀತದೆ? ಊರಿಗೆ ಕೊಂಡು ಹೋಗುವ ಅಂದ್ರೆ ದಾರಿ ಇಲ್ಲ. ಗಾಡಿಗೆ ತನ್ನಿ ಅಂದೆ. ಅಜ್ಜಿ ಒಪ್ಪುದಿಲ್ಲ."

"ಯಾಕೆ?" ಎಂದ ಲಾಜರಸ್.

"ಹೋದ ವಾರ ಅವರು ಗಾಡಿಯೊಳಗೆ ಬಂದಿದ್ರಲ್ಲ. ಆ ಕಬ್ಬಿಣದ ಪೆಟ್ಟಿಗೆ ಗೋರಿಗಿಂತ ತಣ್ಣಗುಂಟು, ಅಲ್ಲಿ ನನ್ನ ಮೊಮ್ಮಗಳ ಬಟ್ಟೆ ಬಿಚ್ಲಿಕ್ಕೆ ಬಿಡುದಿಲ್ಲ ಅಂತ ಹೇಳ್ತಾರೆ. ತಪ್ಪು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಇಲ್ಲ. ಮೈ ಬಿಸಿಯಾಗಿ ನಿಂತ್ರೆ ಆ ಮಗುವಿಗೆ ಗಂಟಲು ಬರ್ತದೆ. ಅಳ್ಬೇಕು ಅದು. ಅತ್ರೆ ಬದುಕ್ತದೆ."

ಪೊಡಿಯಬ್ಬನ ಕೈಯಲ್ಲಿದ್ದ ಕಾಫಿಯ ಪುಟ್ಟ ಬಟ್ಟಲು ಹಾಗೇ ಉಳಿಯಿತು. ತಾನು ಹಿಂಡಿ ಹಿಂಡಿ ಅಂಟಿಸಿದ ಬಟ್ಟೆ, ತನ್ನ ಗುಳ್ಳೆಯಿಲ್ಲದ ಕೆಲಸ, ಒಂದು ಮಗುವಿಗೂ ಅದರ ಉಸಿರಿಗೂ ನಡುವೆ ಅಡ್ಡ ನಿಂತಿದೆ ಎಂದು ಆಗ ಅವನಿಗೆ ಪೂರ್ತಿ ತಿಳಿಯಿತು. ತಲೆ ತಗ್ಗಿಸಿ ಕೂತ. ಕೂತವನಿಗೆ ಸ್ವಲ್ಪ ಹೊತ್ತಿನಲ್ಲಿ ಒಂದು ಸಂಗತಿ ಹೊಳೆಯಿತು. ಹೊರಗೆ ಬಕೆಟ್ಟಿನ ನೀರು ಕಲ್ಲಾಗಿದೆ. ಈ ಡೇರೆಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ; ನಡುವೆ ಒಂದು ಹಿಡಿ ಕೆಂಡ. ಆದರೂ ತಾನು ಕಂಬಳಿ ಬಿಚ್ಚಿ ಪಕ್ಕಕ್ಕಿಟ್ಟಿದ್ದೇನೆ. ಅದು ಹೇಗೆ?

ಎದ್ದು ಹೋಗಿ ಡೇರೆಯ ಬದಿಯನ್ನು ಮುಟ್ಟಿ ನೋಡಿದ. ಬಟ್ಟೆ ಬೆಚ್ಚಗಿತ್ತು. ಒತ್ತಿದ. ಒಳಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು ಬಟ್ಟೆ, ಅಂಗಡಿಯಲ್ಲಿ ತಾನೇ ಹೊಲಿದುಕೊಟ್ಟ ಬಟ್ಟೆ, ಬೇರೆಯಾಗಿ ತೂಗುತ್ತಿತ್ತು.

ಮುದುಕ ಅವನ ಬೆನ್ನ ಹಿಂದೆ ಬಂದು ನಿಂತ. ಪೊಡಿಯಬ್ಬನ ಕೈ ಹಿಡಿದು ಎರಡು ಬಟ್ಟೆಗಳ ನಡುವಿನ ಸಂದಿಗೆ ಇಳಿಸಿದ. ಒಳಗೆ ಏನೂ ಇರಲಿಲ್ಲ. ಹತ್ತಿಯಿಲ್ಲ, ಉಣ್ಣೆಯಿಲ್ಲ. "ಹವಾ," ಎಂದ ಅಬೂ ಮುತ್ಲಕ್. ಆಮೇಲೆ ತನ್ನ ಎರಡೂ ಅಂಗೈಗಳನ್ನು ತುಸು ದೂರದಲ್ಲಿ ಎದುರುಬದುರು ಹಿಡಿದು, ನಡುವಿನ ಜಾಗವನ್ನು ಗಲ್ಲದಿಂದ ತೋರಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ: "ಖಲ್ಲಿ. ಖಲ್ಲಿ."

ಸೌದಿಗೆ ಬಂದು ಹತ್ತು ವರ್ಷವಾದ ಲಾಜರಸ್ ಕಾಫಿಯ ಬಟ್ಟಲು ಕೆಳಗಿಟ್ಟ. "ಬ್ಯಾರಿಗಳೇ, ಖಲ್ಲಿ ಅಂದ್ರೆ ಬಿಡು ಅಂತ. ಇರ್ಲಿ, ಇರ್ಲಿಕ್ಕೆ ಬಿಡು ಅಂತ. ನಡುವೆ ಗಾಳಿ ಇರ್ಲಿಕ್ಕೆ ಬಿಡು ಅಂತ ಹೇಳ್ತಾ ಇದ್ದಾರೆ. ನಿಮಗೆ ಎಂತ ಕೇಳಿತು?"

"ಖಾಲಿ," ಎಂದ ಪೊಡಿಯಬ್ಬ. ಅವನಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. "ಅಂಗಡಿಯಲ್ಲೇ ಹೇಳಿದ್ರು ಪೊರ್ಬುಗಳೇ. ಎರಡೆರಡು ಸಲ ಹೇಳಿದ್ರು. ಬೆರಳು ಹಿಡಿದು ತೋರಿಸಿದ್ರು. ನಾನೊಬ್ಬ ಕತ್ತೆ."

ಕೈ ಇನ್ನೂ ಆ ಸಂದಿಯಲ್ಲೇ ಇತ್ತು. ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ. ಜೀವಮಾನವಿಡೀ ಅಂಗೈಯಿಂದ ಒತ್ತಿ ಹೊರಗೆ ಅಟ್ಟಿದ್ದ ಗಾಳಿ. ಕಣ್ಣಿಗೆ ಕಾಣದ್ದು, ಹಿಡಿದರೆ ಸಿಗದ್ದು. ಅದು ಸುಮ್ಮನೆ ನಿಂತರೆ ಸಾಕು, ನೀರನ್ನು ಕಲ್ಲು ಮಾಡುವ ಚಳಿ ಅದನ್ನು ದಾಟಲಾರದು! ಏನೂ ಇಲ್ಲ ಎಂದು ತಾನು ತಿಳಿದ ಜಾಗದಲ್ಲಿ ಸೃಷ್ಟಿಸಿದವನು ಇಷ್ಟು ದೊಡ್ಡ ಕಾವಲು ಇಟ್ಟಿದ್ದಾನೆ, ಇದು ತನಗೆ ನಲವತ್ತನೆಯ ವಯಸ್ಸಿನಲ್ಲಿ ಗೊತ್ತಾಗಬೇಕೇ?

ಬಟ್ಟಲನ್ನು ಅಬೂ ಮುತ್ಲಕನ ಕೈಗಿಟ್ಟು ನೇರ ಗಾಡಿಗೆ ಹೋದ. ಗೆರ್ಟ್ರೂಡ್ ಅಷ್ಟರಲ್ಲಿ ಅಜ್ಜಿಯಿಂದ ಒಂದು ಮಾತು ಪಡೆದು ಬಂದಿದ್ದಳು. "ನಾಳೆ ಬೆಳಕು ಹರಿಯುವಾಗ, ಫಜರಿಗೆ ಬಂದು ನೋಡ್ತಾರಂತೆ. ಮಧ್ಯಾಹ್ನ ಯಾರ ಮನೆಯಾದ್ರೂ ಬಿಸಿಯೇ, ಫಜರಿಗೆ ಬಿಸಿ ಉಳಿದ್ರೆ ಮಾತ್ರ ಮಗು ತರ್ತೇನೆ ಅಂತ ಹೇಳಿದ್ರು."

"ಸರಿಯಾದ ಮಾತು," ಎಂದ ಪೊಡಿಯಬ್ಬ.

ಅಂದು ಅವನು ಮಾಡಿದ ಕೆಲಸ ಹದಿನಾರು ವರ್ಷದ ಬಸ್ಸಿನ ಶೆಡ್ಡಿನಲ್ಲೂ ಮಾಡಿದ್ದಿಲ್ಲ. ಅಂಟಿಸಿದ್ದನ್ನೆಲ್ಲ ಕಿತ್ತ. ಗಾಜು ಒರೆಸಿ ಒಣಗಿಸಿದ. ಪ್ರತಿ ಕಿಟಕಿಯ ಸುತ್ತ ಎರಡು ಬೆರಳು ದಪ್ಪದ ಮರದ ಪಟ್ಟಿಯ ಚೌಕಟ್ಟು ಹೊಡೆದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಡೋಲಿನ ಚರ್ಮದಂತೆ ಬಿಗಿದು, ಒಳಗಿನ ಉಸಿರು ಗಾಜಿಗೆ ತಾಗದಂತೆ ಅಂಚಿಗೆಲ್ಲ ಟೇಪು ಸುತ್ತಿದ. ಗಾಜಿಗೂ ಹಾಳೆಗೂ ನಡುವೆ ಎರಡು ಬೆರಳು. ಪ್ರತಿ ಸಲವೂ ತನ್ನ ಎರಡು ಬೆರಳು ಇಟ್ಟೇ ಅಳೆದ. ಅದರ ಈಚೆಗೆ ಪರದೆ: ಎರಡು ಪದರ ಬಟ್ಟೆಯ ನಡುವೆ ಹಳೆಯ ಕಂಬಳಿ, ಗಾಳಿ ನಿಲ್ಲುವಂತೆ ಸಡಿಲವಾಗಿ ಹೊಲಿದದ್ದು. ಬೇಸಿಗೆಯಲ್ಲಿ ಪಿಕಪ್ಪುಗಳಿಗೆ ಹಾಕುವ ಹೊಳೆಯುವ ಹಾಳೆಯೂ ಇತ್ತು. ಅದರ ಹೊಳಪು ಯಾವಾಗಲೂ ಹೊರಮುಖ, ಬಿಸಿಲಿಗೆ. ಇವತ್ತು ತಿರುವಿ ಒಳಮುಖ ಮಾಡಿದ. ಬಿಸಿ ಈಗ ಹೊರಗಿನ ಶತ್ರುವಲ್ಲ, ಒಳಗೆ ಉಳಿಯಬೇಕಾದ ನೆಂಟ. ಕೊನೆಗೆ ಬಸ್ಸಿನ ಪರದೆಯ ಹಾಗೆ ಸುತ್ತಲೂ ಟಿಚ್‌ಬಟನ್ನು.

ಒಂದು ಕಡೆ ಹೊಲಿಗೆಯಲ್ಲಿ ಬಟ್ಟೆ ಉಬ್ಬಿ ಗುಳ್ಳೆಯಾಯಿತು. ಕೈ ರೂಢಿಯಂತೆ ಒತ್ತಲು ಹೋಯಿತು. ಪೊಡಿಯಬ್ಬ ತನ್ನ ಕೈಯನ್ನೇ ಗದರಿಸಿದ. "ಖಲ್ಲಿ! ಬಿಡು ಅದನ್ನು."

ಚಾವಣಿಯ ಕಿಂಡಿಯನ್ನು ಒಂದು ಬೆರಳಿನಷ್ಟು ತೆರೆದೇ ಇಡಬೇಕು, ಹೀಟರ್ ಉರಿಯುವಾಗ ಪೂರ್ತಿ ಮುಚ್ಚಿದರೆ ಜೀವಕ್ಕೆ ಅಪಾಯ ಎಂದು ಗೆರ್ಟ್ರೂಡ್ ಹೇಳಿದಳು. ಅದಕ್ಕೆ ಕೈ ಹಚ್ಚಲಿಲ್ಲ. ಸೂರ್ಯ ಮುಳುಗಿ ಮಗ್ರಿಬಿನ ಹೊತ್ತಿಗೆ ಐದು ಕಿಟಕಿ ಮುಗಿದವು. ಆರನೆಯದು ಬಾಗಿಲ ಪಕ್ಕದ್ದು. ಚೌಕಟ್ಟು, ಪರದೆ ಕೂತವು, ಕೆಳಗಿನ ಬಟನ್ನುಗಳು ಮಾತ್ರ ಉಳಿದವು. ಬೆರಳು ಮರಗಟ್ಟಿ ಸೂಜಿ ನಿಲ್ಲದಾದಾಗ, ಬೆಳಗ್ಗೆ ಬೇಗ ಎದ್ದು ಹಾಕುತ್ತೇನೆಂದು ಮಲಗಿದ. ಗೆರ್ಟ್ರೂಡ್ ಮಗುವಿನ ಜೊತೆ ಇರಲು ಡೇರೆಗೆ ಹೋದಳು.

ಈ ಮನುಷ್ಯ ಆಮೇಲೆ ಇನ್ನೂ ಐದು ವರ್ಷ ಆ ಊರಿನಲ್ಲಿದ್ದ. ಚಳಿಗಾಲ ಬಂತೆಂದರೆ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಅಬೂ ಮುತ್ಲಕನ ಕಡೆಯವರೆಲ್ಲ ಅವನನ್ನು ಹೆಸರು ಬಿಟ್ಟು 'ಖಲ್ಲಿ ಹವಾ' ಎಂದೇ ಕರೆದರು, ಅವನೂ ಓಗೊಟ್ಟ. ತೊಂಬತ್ತರ ಮೊದಲೇ ಊರಿಗೆ ಮರಳಿ ಪಾಣೆಮಂಗಳೂರಿನಲ್ಲಿ ಕುಶನ್ ಅಂಗಡಿ ಇಟ್ಟ. ಅಲ್ಲಿ ಚಳಿಯೇ ಇಲ್ಲ. ಅವನ ಆ ವಿದ್ಯೆಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಆದರೂ ಯಾರು ಕೇಳಲಿ ಬಿಡಲಿ, ಜೀವನದಲ್ಲಿ ಏನು ಕಂಡೆ ಎಂದರೆ ಅವನು ಮಕ್ಕಾ ಕಂಡದ್ದನ್ನು ಹೇಳಿದ ಬೆನ್ನಿಗೆ ಹೇಳುತ್ತಿದ್ದದ್ದು ಆ ಮರುದಿನದ ಬೆಳಗ್ಗೆಯನ್ನೇ.

ಆ ಬೆಳಗ್ಗೆ ಅವನು ಬಾಗಿಲ ಪಕ್ಕದ ಕಿಟಕಿಯ ಕೊನೆಯ ಬಟನ್ನು ಹಾಕುತ್ತಿದ್ದಾಗ ಬಾಗಿಲು ತೆರೆದು ಅಜ್ಜಿ ಒಳಗೆ ಬಂದಳು. ಹಿಂದೆಯೇ ಸೊಸೆ, ಎದೆಯಲ್ಲಿ ಬಟ್ಟೆಯ ಒಂದು ಗಂಟು, ಅವಳ ಹಿಂದೆ ಗೆರ್ಟ್ರೂಡ್. ಮೊದಲು ತಾನು ನೋಡುತ್ತೇನೆಂದಿದ್ದ ಅಜ್ಜಿ ಮಗುವನ್ನು ಜೊತೆಗೇ ತಂದಿದ್ದಳು. ಬೆಳಗಿನ ಜಾವಕ್ಕೆ ಅದರ ತುಟಿ ನೀಲಿಯಾಗಿತ್ತು, ಕಾಯಲು ಸಮಯ ಉಳಿದಿರಲಿಲ್ಲ.

ಪೊಡಿಯಬ್ಬ ಹೊರಗೆ ಹೋಗಲು ಬಾಗಿಲ ಹಿಡಿಕೆಗೆ ಕೈ ಹಾಕಿದ.

"ಬಾಗಿಲು ತೆಗೀಬೇಡಿ!" ಎಂದಳು ಗೆರ್ಟ್ರೂಡ್. "ಬಿಸಿ ಹೋಗ್ತದೆ. ಅಲ್ಲೇ ನಿಲ್ಲಿ ಬ್ಯಾರಿಗಳೇ, ಆಚೆ ತಿರುಗಿ." ಅವಳು ನಡುವೆ ಒಂದು ಬಿಳಿ ಚಾದರ ಎಳೆದಳು.

ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತ. ಹಿಂದೆ ಬರಿಯ ಸದ್ದು. ಅಜ್ಜಿಯ ಬಳೆ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಯಿತು. ಪರದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಾಳೆ. ಒಂದು ಕಡೆ ಬಳೆಯ ಸದ್ದು ನಿಂತಿತು, ನಿಂತೇ ಇತ್ತು. ಅವಳು ಪರದೆಗೆ ಕೆನ್ನೆ ಒತ್ತಿ ನೋಡಿದಳೆಂದು ಆಮೇಲೆ ಗೆರ್ಟ್ರೂಡ್ ಹೇಳಿದಳು. ಪೊಡಿಯಬ್ಬ ಉಸಿರು ಬಿಗಿಹಿಡಿದಿದ್ದ. ತನ್ನ ಉಸಿರೂ ಎಲ್ಲಿ ಗಾಜಿಗೆ ಹೋಗಿ ಕೆಲಸ ಕೆಡಿಸುತ್ತದೋ ಎಂಬ ಭಯ.

"ದಾಫಿ," ಎಂದಳು ಅಜ್ಜಿ. ಬೆಚ್ಚಗಿದೆ.

ಆಮೇಲೆ ಬಟ್ಟೆ ಬಿಚ್ಚುವ ಸದ್ದು. ಒಂದು ಸುತ್ತು, ಎರಡು ಸುತ್ತು, ಮೂರು. "ಅಜ್ಜಿಯೇ ಬಿಚ್ತಾ ಇದ್ದಾರೆ," ಎಂದು ಗೆರ್ಟ್ರೂಡ್ ಮೆಲ್ಲಗೆ ಹೇಳಿದಳು, ಅವನಿಗೆ ಕೇಳಲಿ ಎಂದೇ. ತಕ್ಕಡಿಯ ತಟ್ಟೆ ಕಿರುಗುಟ್ಟಿತು. "ಒಂದು ಕಿಲೋ ಏಳ್ನೂರು." ಅಂಗೈ ಅಂಗೈಗೆ ಉಜ್ಜಿ, ಪುಟ್ಟ ಮೈಯನ್ನು ತಿಕ್ಕುವ ಸದ್ದು. ಮಗುವಿನ ದನಿ ಇಲ್ಲ. ಮತ್ತೆ ತಿಕ್ಕುವ ಸದ್ದು.

ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಪೊಡಿಯಬ್ಬ ಪರದೆಯ ಮೂಲೆಯನ್ನು ಒಂಚೂರು ಎತ್ತಿದ. ಪ್ಲಾಸ್ಟಿಕ್ಕು ಒಣಗಿತ್ತು, ಒಂದು ಹನಿ ಇಲ್ಲ. ಅದರಾಚೆ ಗಾಜಿನ ಹೊರಮೈ ಪೂರ್ತಿ ನಿನ್ನೆಯಂಥವೇ ಬಿಳಿ ಎಲೆಗಳು, ಈ ಸಲ ಹೊರಗಿನ ತೇವದವು, ನಿನ್ನೆಗಿಂತ ದಟ್ಟವಾಗಿ, ಬೆಳಕು ಹಿಡಿದು ನಿಂತಿದ್ದವು. ಚಳಿ ಎಲ್ಲಿಗೂ ಹೋಗಿರಲಿಲ್ಲ. ತನ್ನ ಪೂರ್ತಿ ಬಲದೊಂದಿಗೆ ಬಂದು ಅಲ್ಲಿಯವರೆಗೆ ತಲುಪಿ ನಿಂತಿತ್ತು.

ಅವನ ಬೆನ್ನ ಹಿಂದೆ ಮಗು ಅತ್ತಿತು. ಮೊದಲು ಒಂದು ಸಣ್ಣ ಕೀರಲು, ಆಮೇಲೆ ಗಂಟಲು ಹರಿಯುವ ಹಾಗೆ, ಅಂಗೈಯಷ್ಟು ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ ಎನ್ನುವ ಹಾಗೆ. ಹೊರಗೆ ನಿಂತ ಗಂಡಸರು ಓಡಿ ಬಂದರು. ಅಬೂ ಮುತ್ಲಕ್ ಗಾಡಿಯ ತಗಡನ್ನು ಬಡ ಬಡ ಬಡಿದ. ಸೊಸೆ ಅಳುತ್ತ ನಗುತ್ತಿದ್ದಳು.

ಹೆಣ್ಣುಮಗು ಹುಟ್ಟಿ ಅಳುವುದು ಹೀಗೆ! ಆಚೆ ಮನೆಯವರು ಓಡಿ ಬರುವ ಹಾಗೆ! ಪೊಡಿಯಬ್ಬ ಹಣೆಯನ್ನು ಪರದೆಗೆ ಒತ್ತಿಕೊಂಡ. ತಾನು ಕೇಳದೆ ಉಳಿದ ಆ ಒಂದು ಅಳು ನಾಲ್ಕು ವರ್ಷ ಕಳೆದು, ಇನ್ಯಾರದೋ ಮಗುವಿನ ಗಂಟಲಿನಲ್ಲಿ ಅವನಿಗೆ ಕೇಳಿಸಿತ್ತು. ಅವನೂ ಗಟ್ಟಿಯಾಗಿಯೇ ಅತ್ತ, ನಾಚಿಕೊಳ್ಳಲಿಲ್ಲ. ಹಣೆಯಿಂದ ಎರಡು ಬೆರಳು ಆಚೆ ನೀರನ್ನು ಕಲ್ಲು ಮಾಡಿದ ಚಳಿ ನಿಂತಿತ್ತು. ಈಚೆ ಆ ಮಗು ಬರಿಮೈಯಲ್ಲಿ ಕೈಕಾಲು ಬಡಿಯುತ್ತ ಅಳುತ್ತಿತ್ತು.